ಮೇಲಿನವರ ನೆಲ, ಕೆಳಗಿನವರ ಸೂರು



ಮೇಲಿನ ಮನೆಯ ಬಚ್ಚಲ ನೀರು ಕೆಳಗಿನ ಮನೆಗೆ ಸೋರಿದರೆ ಹೊಣೆ ಯಾರದು? ಇದೂ ಒಂದು ಧರ್ಮದ ಪ್ರಶ್ನೆಯೇ, ಪ್ಲಂಬರನ್ನು ಕರೆಸಿದರೆ ಮುಗಿಯಿತಲ್ಲವೇ ಎಂದು ಕೆಲವರಿಗೆ ಅನ್ನಿಸಬಹುದು. ಪ್ಲಂಬರ್ ಪೈಪನ್ನು ಸರಿಮಾಡಬಲ್ಲ. ಆದರೆ ಅದರ ಖರ್ಚನ್ನು ಯಾರು ಕೊಡಬೇಕು, ಹಾಳಾದ ಗೋಡೆಗೆ ಯಾರು ಬಣ್ಣ ಹೊಡೆಸಬೇಕು, ನೆರೆಯವರನ್ನು ಕೇಳುವುದು ಸರಿಯೇ, ಕೇಳದೆ ಸುಮ್ಮನಿರುವುದು ಸರಿಯೇ ಎಂಬುದನ್ನು ಅವನು ಹೇಳಲಾರ. ನಮ್ಮ ಪ್ರಶ್ನೆ ಅಲ್ಲಿಂದ ಆರಂಭವಾಗುತ್ತದೆ.

ಕೋಲಾರ ಜಿಲ್ಲೆಯ ನಮ್ಮ ಊರುಗಳಿಗೆ ಈ ತಕರಾರು ಪೂರ್ತಿ ಹೊಸದೇನಲ್ಲ. ಮಣ್ಣಿನ ಮಾಳಿಗೆಯ ಮನೆಗಳೂ ಹೆಂಚಿನ ಮನೆಗಳೂ ಗೋಡೆಗೆ ಗೋಡೆ ತಾಗಿಕೊಂಡು ನಿಂತಿದ್ದ ಬೀದಿಗಳಲ್ಲಿ, ನಿಮ್ಮ ಸೂರಿನ ನೀರು ನಮ್ಮ ಗೋಡೆಗೆ ಬೀಳುತ್ತಿದೆ ಎಂಬ ಮಾತು ಮಳೆಗಾಲದಲ್ಲಿ ಕೇಳಿಬರುತ್ತಿತ್ತು. ಆಗ ನೀರು ಪಕ್ಕದಿಂದ ಬರುತ್ತಿತ್ತು. ಎಲ್ಲಿಂದ ಬಂತೆಂದು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಈಗ ಕೋಲಾರ, ಮಾಲೂರುಗಳಲ್ಲಿ ಒಂದರ ಮೇಲೊಂದು ಮನೆಗಳು ಎದ್ದಿವೆ. ನರಸಾಪುರ, ಮಾಲೂರುಗಳ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರಿಗೆ ಬಾಡಿಗೆ ಮನೆ ಬೇಕು. ಮುಳಬಾಗಿಲು, ಶ್ರೀನಿವಾಸಪುರಗಳಲ್ಲೂ ಅಪ್ಪ ಕಟ್ಟಿಸಿದ ಮನೆಯ ಮೇಲೆ ಮಗ ಇನ್ನೊಂದು ಅಂತಸ್ತು ಎಬ್ಬಿಸುತ್ತಾನೆ. ನೀರು ಈಗ ಮೇಲಿನಿಂದ, ಮೋಲ್ಡಿನ ಒಳಗಿನಿಂದ, ಯಾರಿಗೂ ಕಾಣದ ಹಾಗೆ ಇಳಿಯುತ್ತದೆ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಕೋಲಾರ ಪಟ್ಟಣದಲ್ಲಿ ಎಂಟು ವರ್ಷ ಹಳೆಯದಾದ ಮೂರಂತಸ್ತಿನ ಕಟ್ಟಡ. ಒಂದನೇ ಮಹಡಿಯಲ್ಲಿ ಗಂಡ, ಹೆಂಡತಿ, ಮದುವೆ ಗೊತ್ತಾದ ಮಗಳು, ದಮ್ಮಿನ ಕಾಯಿಲೆಯ ಅಜ್ಜಿ. ಎರಡನೇ ಮಹಡಿಯಲ್ಲಿ ಒಬ್ಬ ವಿಧವೆ ತಾಯಿ ಒಂಟಿಯಾಗಿದ್ದಾರೆ. ಗಂಡನ ಹೆಸರಿನಲ್ಲಿ ಬರುವ ಚಿಕ್ಕ ಪಿಂಚಣಿಯೇ ಅವರಿಗೆ ಆಧಾರ. ಅಜ್ಜಿ ಮಲಗುವ ಕೋಣೆಯ ಮೂಲೆಯಲ್ಲಿ ಮೊದಲು ತಟ್ಟೆಯಗಲದ ಒಂದು ಕಲೆ ಕಾಣಿಸಿಕೊಂಡಿತು. ಎರಡು ತಿಂಗಳಲ್ಲಿ ಅದು ಮೊರದಗಲವಾಯಿತು. ಬಣ್ಣ ಉಬ್ಬಿ ಉದುರಿತು; ಬಿಳಿಯ ಉಪ್ಪು ಎದ್ದಿತು; ಅದರ ಅಂಚಿಗೆ ಕಪ್ಪು ಬೂಷ್ಟು ಹಿಡಿಯಿತು. ಅಟ್ಟದ ಮೇಲಿನ ಟ್ರಂಕಿನಲ್ಲಿ ಮದುವೆಗೆಂದು ತೆಗೆದಿಟ್ಟಿದ್ದ ರೇಷ್ಮೆ ಸೀರೆಗೂ ನೀರು ಇಳಿಯಿತು.

ಈ ಮನೆಯವರಿಗೆ ಎರಡು ಬಗೆಯ ಬುದ್ಧಿವಾದ ಸಿಗುತ್ತದೆ. "ಹೋಗಲಿ ಬಿಡಪ್ಪಾ, ಪಾಪ ಒಂಟಿ ಹೆಂಗಸು, ಅಕ್ಕಪಕ್ಕದಲ್ಲಿ ಇರೋರು ಅಡ್ಜಸ್ಟ್ ಮಾಡ್ಕೋಬೇಕು" ಎನ್ನುತ್ತಾರೆ ಒಬ್ಬರು. "ಸುಮ್ಮನೆ ಬಿಡಬೇಡ, ವಕೀಲರ ಕೈಲಿ ನೋಟೀಸ್ ಕೊಡಿಸು, ಸೀರೆ ದುಡ್ಡೂ ಸೇರಿಸಿ ವಸೂಲು ಮಾಡು" ಎನ್ನುತ್ತಾರೆ ಇನ್ನೊಬ್ಬರು. ಮೊದಲನೆಯದು ಪ್ರೀತಿಯ ಮಾತಿನಂತೆ ಕೇಳಿಸುತ್ತದೆ, ಎರಡನೆಯದು ನ್ಯಾಯದ ಮಾತಿನಂತೆ ಕೇಳಿಸುತ್ತದೆ. ಎರಡೂ ನಿಜವಾಗಿ ಹಾಗಿವೆಯೇ ಎಂದು ನಿಧಾನವಾಗಿ ನೋಡೋಣ.

ತಿಳಿಯದೆ ಆದದ್ದು, ತಿಳಿದ ಮೇಲೆ ಆದದ್ದು

ಮೊದಲು ಒಂದು ವಿಷಯವನ್ನು ಒಪ್ಪಿಕೊಳ್ಳಬೇಕು. ಮೇಲಿನ ಮನೆಯ ಆ ತಾಯಿಗೆ ಸೋರಿಕೆಯ ಸುದ್ದಿಯೇ ಇಲ್ಲದಿರಬಹುದು. ಅವರ ಬಚ್ಚಲು ಒಣಗಿಯೇ ಇರುತ್ತದೆ. ಟೈಲ್ಸ್‌ಗಳ ಸಂದಿನಲ್ಲಿ ತುಂಬಿದ ಬಿಳಿ ಸಿಮೆಂಟು ಸವೆದು ಹೋದರೆ, ಅಥವಾ ನೀರು ಹೋಗುವ ಜಾಲರಿಯ ಸುತ್ತ ಸಣ್ಣ ಬಿರುಕು ಬಿಟ್ಟರೆ, ಸ್ನಾನದ ನೀರು ಹನಿಹನಿಯಾಗಿ ಕೆಳಗಿಳಿದು ಮೋಲ್ಡಿನ ಮೇಲೆ ನಿಲ್ಲುತ್ತದೆ. ಅಲ್ಲಿಂದ ಅದು ಇಳಿಜಾರು ಹುಡುಕಿಕೊಂಡು ಹರಿದು, ಸಿಕ್ಕಿದ ಬಿರುಕಿನಲ್ಲಿ ಕೆಳಗೆ ಬರುತ್ತದೆ. ಆದ್ದರಿಂದ ಕಲೆ ಕಾಣಿಸಿದ ಜಾಗವೇ ಸೋರುವ ಜಾಗವೆಂದು ಹೇಳಲಾಗದು. ಕೆಲವು ಸಲ ಸೋರುತ್ತಿರುವುದು ಮೇಲಿನ ಮನೆಯ ಪೈಪೇ ಆಗಿರುವುದಿಲ್ಲ. ಇಡೀ ಕಟ್ಟಡಕ್ಕೆ ಸೇರಿದ ಕೊಳವೆಯಾಗಿರುತ್ತದೆ, ಇಲ್ಲವೇ ಹೊರಗೋಡೆಯ ಬಿರುಕಿನಿಂದ ಇಳಿದ ಮಳೆನೀರಾಗಿರುತ್ತದೆ.

ಹೀಗಿರುವಾಗ ತಿಳಿಯದೆ ಆದ ಹಾನಿಗೆ ಅವರನ್ನು ತಪ್ಪಿತಸ್ಥರೆಂದು ಕರೆಯಬಹುದೇ? ಈ ಪ್ರಶ್ನೆಯನ್ನು ಬಹಳ ಹಳೆಯ ಕಾಲದ ಜನರೂ ಕೇಳಿಕೊಂಡಿದ್ದರು. ಪವಿತ್ರ ಬೈಬಲಿನ ವಿಮೋಚನಕಾಂಡದ 21ನೆಯ ಅಧ್ಯಾಯದಲ್ಲಿ ಹಾಯುವ ಎತ್ತಿನ ಬಗ್ಗೆ ಒಂದು ಕಟ್ಟಳೆ ಇದೆ. ಹಳ್ಳಿಯಲ್ಲಿ ದನ ಸಾಕಿದ ನಮಗೆ ಅದು ಸುಲಭವಾಗಿ ಅರ್ಥವಾಗುತ್ತದೆ. ಒಬ್ಬನ ಎತ್ತು ಇನ್ನೊಬ್ಬನ ಎತ್ತನ್ನು ಹಾಯ್ದು ಕೊಂದಿತೆನ್ನಿ. ಅದು ಹಾಯುತ್ತದೆಂದು ಮೊದಲು ಯಾರಿಗೂ ಗೊತ್ತಿರಲಿಲ್ಲ. ಆಗ ಬದುಕಿದ ಎತ್ತನ್ನು ಮಾರಿ ಆ ಹಣವನ್ನು ಇಬ್ಬರೂ ಹಂಚಿಕೊಳ್ಳಬೇಕು, ಸತ್ತದ್ದನ್ನೂ ಹಂಚಿಕೊಳ್ಳಬೇಕು. ಅಂದರೆ ನಷ್ಟ ಇಬ್ಬರಿಗೂ ಸೇರಿದ್ದು. ಆದರೆ ಆ ಎತ್ತು ಹಾಯುವ ಚಾಳಿಯದೆಂದು ಗೊತ್ತಿದ್ದೂ ಒಡೆಯ ಅದನ್ನು ಕಟ್ಟಿಹಾಕದೆ ಬಿಟ್ಟಿದ್ದರೆ, ಎತ್ತಿಗೆ ಎತ್ತನ್ನೇ ಕೊಡಬೇಕು. ಅಂದರೆ ಪೂರ್ತಿ ನಷ್ಟ ಅವನದೇ.

ಈ ಕಟ್ಟಳೆಯ ಸೂಕ್ಷ್ಮವನ್ನು ಗಮನಿಸಿ. ಹಾನಿ ಎರಡೂ ಕಡೆ ಒಂದೇ. ಸತ್ತದ್ದು ಒಂದೇ ಎತ್ತು. ಬದಲಾದದ್ದು ಒಡೆಯನ ತಿಳಿವಳಿಕೆ ಮಾತ್ರ. ತಿಳಿಯದಿದ್ದಾಗಲೂ ಅವನನ್ನು "ನಿನಗೇನೂ ಸಂಬಂಧವಿಲ್ಲ, ಮನೆಗೆ ಹೋಗು" ಎಂದು ಕಳಿಸಲಿಲ್ಲ. ಅರ್ಧ ನಷ್ಟ ಅವನ ಮೇಲೂ ಬಿತ್ತು. ಯಾಕೆಂದರೆ ಎತ್ತು ಅವನದು. ಅದರ ಉಳುಮೆಯ ಲಾಭ ಅವನಿಗೆ ಸಿಕ್ಕಿತ್ತು. ಆದರೆ ಅವನನ್ನು ಕೆಟ್ಟವನೆಂದು ಯಾರೂ ಕರೆಯಲಿಲ್ಲ. ತಪ್ಪು ಬೇರೆ, ಹೊಣೆ ಬೇರೆ. ನಮ್ಮ ಮನೆಗಳ ಜಗಳಗಳಲ್ಲಿ ಈ ಎರಡನ್ನೂ ಒಂದೇ ಎಂದು ತಿಳಿಯುವುದರಿಂದಲೇ ಮಾತು ಕೆಡುತ್ತದೆ. ಕೆಳಗಿನವರು "ನಿಮ್ಮ ತಪ್ಪು" ಎನ್ನುತ್ತಾರೆ, ಮೇಲಿನವರು "ನಾವೇನು ಬೇಕೆಂದು ಮಾಡಿದೆವಾ" ಎನ್ನುತ್ತಾರೆ. ಬೇಕೆಂದು ಮಾಡಲಿಲ್ಲ ನಿಜ. ಆದರೂ ನೀರು ಅವರ ಮನೆಯದು.

ಕೆರೆ ಒಡೆದಾಗ ನ್ಯಾಯಾಲಯಗಳು ಹೇಳಿದ್ದು

ಇದೇ ಪ್ರಶ್ನೆ ಈಚಿನ ಕಾಲದ ನ್ಯಾಯಾಲಯಗಳಿಗೂ ಬಂತು. ಇಂಗ್ಲೆಂಡಿನಲ್ಲಿ ರೈಲ್ಯಾಂಡ್ಸ್ ಎಂಬ ಗಿರಣಿ ಮಾಲೀಕರು ತಮ್ಮ ಜಾಗದಲ್ಲಿ ನೀರಿನ ಕಟ್ಟೆಯೊಂದನ್ನು ಕಟ್ಟಿಸಿದರು. ಆ ನೆಲದಡಿ ಯಾವ ಕಾಲದಲ್ಲೋ ತೋಡಿ ಬಿಟ್ಟಿದ್ದ ಗಣಿಯ ಬಾವಿಗಳಿದ್ದವು. ನೀರು ಅವುಗಳ ಮೂಲಕ ನುಗ್ಗಿ, ಪಕ್ಕದಲ್ಲಿ ಫ್ಲೆಚರ್ ಎಂಬವರು ನಡೆಸುತ್ತಿದ್ದ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. ಕಟ್ಟಿಸಿದವರಿಗೆ ಆ ಬಾವಿಗಳ ಸುದ್ದಿ ಗೊತ್ತಿರಲಿಲ್ಲ. ಆದರೂ 1868ರಲ್ಲಿ ಅಲ್ಲಿನ ಅತ್ಯುನ್ನತ ಪೀಠ ಅವರನ್ನೇ ಹೊಣೆ ಮಾಡಿತು. ಸ್ವಭಾವತಃ ಅಲ್ಲಿಲ್ಲದ, ತಪ್ಪಿಸಿಕೊಂಡರೆ ಹಾನಿ ಮಾಡುವಂಥ ವಸ್ತುವನ್ನು ತನ್ನ ಜಾಗಕ್ಕೆ ತಂದು ಕೂಡಿಟ್ಟವನು ಅದನ್ನು ತನ್ನ ಹೊಣೆಯಲ್ಲೇ ಇಟ್ಟುಕೊಳ್ಳಬೇಕು ಎಂಬುದು ಅದರ ತಿರುಳು.

ಆರು ವರ್ಷಗಳ ನಂತರ ಅಂಥದೇ ವ್ಯಾಜ್ಯ ನಮ್ಮ ನೆರೆಯಿಂದಲೇ ಲಂಡನ್ನಿನ ಪ್ರಿವಿ ಕೌನ್ಸಿಲ್‌ಗೆ ಹೋಯಿತು. ಮುಳಬಾಗಿಲಿನಿಂದ ಗಡಿ ದಾಟಿದರೆ ಸಿಗುವ ಚಿತ್ತೂರು ಜಿಲ್ಲೆಯ ಕಾರ್ವೇಟಿನಗರದ ಜಮೀನ್ದಾರರ ಕೆರೆಗಳು ಅತಿಯಾದ ಮಳೆಗೆ ಒಡೆದು, ಮದ್ರಾಸ್ ರೈಲ್ವೆ ಕಂಪನಿಯ ಮಾರ್ಗಕ್ಕೆ ಹಾನಿಯಾಗಿತ್ತು. ಕಂಪನಿ ಪರಿಹಾರ ಕೇಳಿತು. 1874ರಲ್ಲಿ ಬಂದ ತೀರ್ಪು ಬೇರೆ ಥರ ಇತ್ತು. ಈ ನಾಡಿನಲ್ಲಿ ಕೆರೆಗಳಿಲ್ಲದೆ ಬೇಸಾಯವಿಲ್ಲ. ಅವು ಪುರಾತನ ಕಾಲದಿಂದ ಇರುವಂಥವು. ಅವನ್ನು ಉಳಿಸಿಕೊಂಡು ಬರುವುದು ಜಮೀನ್ದಾರರ ಕರ್ತವ್ಯವೇ ಹೊರತು ಅವರ ಖಾಸಗಿ ಹವ್ಯಾಸವಲ್ಲ. ಆದ್ದರಿಂದ ಅಜಾಗರೂಕತೆ ಇದ್ದರೆ ಮಾತ್ರ ಅವರು ಹೊಣೆ. ತಕ್ಕ ಎಚ್ಚರ ವಹಿಸಿದ್ದರೆ ಹೊಣೆಯಿಲ್ಲ ಎಂದಿತು ಆ ಪೀಠ.

ಈ ಎರಡು ತೀರ್ಪುಗಳಲ್ಲಿ ಬಚ್ಚಲಿಗೆ ಯಾವುದು ಹೊಂದುತ್ತದೆ? ಬಚ್ಚಲು ಕೆರೆಯಂತೆ ಊರಿಗೆಲ್ಲ ಸೇರಿದ್ದಲ್ಲ. ಅದೇ ಸಮಯಕ್ಕೆ, ಮನೆಗೆ ನೀರು ತರಿಸಿಕೊಳ್ಳುವುದು ಯಾರ ಶೋಕಿಯೂ ಅಲ್ಲ. ನನಗೆ ತೋರುವುದು ಇಷ್ಟು: ಕಟ್ಟಳೆ ಬೇರೆಬೇರೆಯಾದರೂ ಎಲ್ಲವೂ ಒಂದು ಕಡೆ ಕೂಡುತ್ತವೆ. ನೀರನ್ನು ಇಟ್ಟುಕೊಂಡವನು ಎಚ್ಚರವಾಗಿರಬೇಕು, ಎಚ್ಚರಿಕೆ ಬಂದ ಮೇಲೂ ಸುಮ್ಮನಿದ್ದರೆ ಅವನಿಗೆ ಯಾವ ನೆವವೂ ಉಳಿಯುವುದಿಲ್ಲ.

ನಮ್ಮ ಜಿಲ್ಲೆಯ ಕೆರೆಗಳೂ ಇದನ್ನೇ ಕಲಿಸಿವೆ. ವರ್ಷವಿಡೀ ಹರಿಯುವ ನದಿ ಇಲ್ಲದ ಈ ನೆಲದಲ್ಲಿ ಹಿರಿಯರು ಸಾವಿರಾರು ಕೆರೆಗಳನ್ನು ಸರಪಣಿಯಂತೆ ಕಟ್ಟಿದರು. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಮೇಲಿನ ಕೆರೆಯ ಏರಿ ಒಡೆದರೆ ಆ ರಭಸಕ್ಕೆ ಕೆಳಗಿನ ಏರಿಯೂ ನಿಲ್ಲದು. 1903ರಲ್ಲಿ ಪಾಲಾರ್ ಕೊಳ್ಳದಲ್ಲಿ ಮೈಸೂರು ಸೀಮೆಯ ಕೆರೆಗಳು ಒಡೆದು, ಬಹಳ ಕೆಳಗಿದ್ದ ವಾಣಿಯಂಬಾಡಿ ಪಟ್ಟಣ ಪ್ರವಾಹಕ್ಕೆ ಸಿಕ್ಕಿತು. ಆದ್ದರಿಂದಲೇ ತೂಬು, ಏರಿ, ಕೋಡಿಗಳನ್ನು ನೋಡಿಕೊಳ್ಳಲು ನೀರಗಂಟಿ ಎಂಬವನಿದ್ದ. ಏರಿಯಲ್ಲಿ ನೀರು ಜಿನುಗಿದ್ದು ಕಂಡರೆ ಅವನು ಹೇಳಬೇಕಾದದ್ದು ತನ್ನ ಊರಿಗೆ ಮಾತ್ರವಲ್ಲ.

ಈಚಿನ ಉದಾಹರಣೆಯನ್ನೂ ನೋಡಿ. 2018ರ ಜೂನ್‌ನಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಡಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬಂತು. ಬತ್ತಿದ್ದ ಕೆರೆಗಳು ತುಂಬಿದವು, ಜನ ಸಂತೋಷಪಟ್ಟರು. ಮರುತಿಂಗಳೇ ನೀರಿನಲ್ಲಿ ನೊರೆ ಕಾಣಿಸಿತು. ವಿಷಯ ಹೈಕೋರ್ಟಿಗೆ ಹೋಗಿ ನೀರು ಕೆಲಕಾಲ ನಿಂತಿತು, ಆಮೇಲೆ ಮತ್ತೆ ಹರಿಯಿತು. ಮೂರನೆಯ ಹಂತದ ಸಂಸ್ಕರಣೆಯೂ ಆಗಬೇಕೆಂದು ಇಲ್ಲಿನವರು ಕೇಳಿದರು. ನೀರು ಬೇಕಾದವರೇ ಅದು ಚೊಕ್ಕವಾಗಿರಲಿ ಎಂದು ಕೇಳಿದ್ದರಲ್ಲಿ ಕೃತಘ್ನತೆ ಏನೂ ಇಲ್ಲ. ಮೇಲಿನಿಂದ ನೀರು ಬಿಡುವವರನ್ನು ಕೆಳಗಿನವರು ಪ್ರಶ್ನಿಸುವುದು ದ್ವೇಷದ ಗುರುತೇನಲ್ಲ.

ಬಾಗಿಲು ತಟ್ಟುವ ಬಗೆ

ಹಾಗಾದರೆ ಕೆಳಗಿನ ಮನೆಯವರ ಮೊದಲ ಕರ್ತವ್ಯ ತಿಳಿಸುವುದು. ಅದೂ ಬೇಗ ತಿಳಿಸುವುದು. ತಟ್ಟೆಯಗಲದ ಕಲೆಯಾಗಿದ್ದಾಗಲೇ ಮೇಲೆ ಹೋಗಿ "ಅಮ್ಮಾ, ನಮ್ಮ ಮೂಲೆಯಲ್ಲಿ ತೇವ ಕಾಣ್ತಾ ಇದೆ, ಒಂದ್ಸಲ ಬಂದು ನೋಡ್ತೀರಾ" ಎಂದಿದ್ದರೆ ಸಂದು ತುಂಬಿಸುವುದರಲ್ಲೇ ಮುಗಿಯುತ್ತಿತ್ತೇನೋ. ಎರಡು ತಿಂಗಳು ಒಳಗೊಳಗೇ ಕುದಿದು, ಸೀರೆ ಹಾಳಾದ ದಿನ ಮೆಟ್ಟಿಲ ಮೇಲೆ ನಿಂತು ಕೂಗಾಡಿದರೆ, ಆ ಎರಡು ತಿಂಗಳ ಹಾನಿಯಲ್ಲಿ ನಮ್ಮ ಪಾಲೂ ಇರುತ್ತದೆ. ಎತ್ತು ಹಾಯುತ್ತದೆಂದು ಒಡೆಯನಿಗೆ ಯಾರೂ ಹೇಳದಿದ್ದರೆ ಅವನು ಕಟ್ಟಿಹಾಕುವುದು ಹೇಗೆ?

ಯಾರಿಗೆ ಹೇಳಬೇಕು ಎಂಬುದೂ ಮುಖ್ಯ. ಮತ್ತಾಯನ ಶುಭಸಂದೇಶದ 18ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ತಪ್ಪು ಮಾಡಿದ ಸಹೋದರನ ವಿಷಯದಲ್ಲಿ ಒಂದು ಕ್ರಮವನ್ನು ಹಾಕಿಕೊಟ್ಟಿದ್ದಾರೆ. ಮೊದಲು ಅವನೊಬ್ಬನೇ ಇರುವಾಗ ಹೋಗಿ ಹೇಳು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು. ಇಂದು ನಾವು ಈ ಕ್ರಮವನ್ನು ತಲೆಕೆಳಗು ಮಾಡಿದ್ದೇವೆ. ಕಟ್ಟಡದ ವಾಟ್ಸಾಪ್ ಗುಂಪಿಗೆ ಮೊದಲು ಫೋಟೋ ಹಾಕುತ್ತೇವೆ. ಮೇಲಿನ ಮನೆಯ ತಾಯಿಗೆ ವಿಷಯ ತಿಳಿಯುವುದು ಎಲ್ಲರೂ ನೋಡಿದ ಮೇಲೆ. ಫೋಟೋ ತೆಗೆದಿಡಿ, ದಿನಾಂಕ ಬರೆದಿಡಿ, ಅದು ವಿವೇಕ. ಆದರೆ ಅದನ್ನು ಮೊದಲು ಅವರಿಗೇ ತೋರಿಸಿ.

ಒಬ್ಬರೇ ಕೂತು ಮಾತನಾಡಿದರೂ ಬಗೆಹರಿಯದಿದ್ದರೆ ಮುಂದಿನ ಮೆಟ್ಟಿಲನ್ನು ಹತ್ತುವುದು ಪಾಪವಲ್ಲ. ಕರ್ನಾಟಕದ 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಅಡಿಪಾಯ, ಕಂಬ, ತೊಲೆ, ಮುಖ್ಯ ಗೋಡೆಗಳು, ಛಾವಣಿ ಇವೆಲ್ಲ ಎಲ್ಲರಿಗೂ ಸೇರಿದ ಭಾಗಗಳು. ಇನ್ನೊಂದು ಮನೆಗೆ ಹಾನಿಯಾಗುವುದನ್ನು ತಡೆಯಲು ತುರ್ತು ದುರಸ್ತಿ ಬೇಕಾದರೆ, ತಕ್ಕ ವೇಳೆಯಲ್ಲಿ ಮನೆಯೊಳಗೆ ಪ್ರವೇಶಿಸುವ ಹಕ್ಕನ್ನು ಅದು ಮಾಲೀಕರ ಸಂಘಕ್ಕೆ ಕೊಟ್ಟಿದೆ. "ನನ್ನ ಮನೆಯೊಳಗೆ ಯಾರೂ ಬರುವ ಹಾಗಿಲ್ಲ" ಎಂಬ ಮಾತು ಅಲ್ಲಿ ನಡೆಯದು. ಕಟ್ಟಿಸಿ ಮಾರಿದವರ ಹೊಣೆಯೂ ಇದೆ. 2016ರ ರೇರಾ ಕಾಯ್ದೆ ಅನ್ವಯಿಸುವ ಕಟ್ಟಡಗಳಲ್ಲಿ, ಮನೆ ಸ್ವಾಧೀನಕ್ಕೆ ಬಂದ ಐದು ವರ್ಷಗಳೊಳಗೆ ರಚನೆಯ ದೋಷವನ್ನೋ ಕೆಲಸದ ದೋಷವನ್ನೋ ಅವರ ಗಮನಕ್ಕೆ ತಂದರೆ 30 ದಿನಗಳೊಳಗೆ ಅವರು ತಮ್ಮ ಖರ್ಚಿನಲ್ಲೇ ಸರಿಪಡಿಸಬೇಕು. ನಾವು ಕಲ್ಪಿಸಿಕೊಂಡ ಕಟ್ಟಡಕ್ಕೆ ಎಂಟು ವರ್ಷವಾದ್ದರಿಂದ ಆ ಬಾಗಿಲು ಮುಚ್ಚಿದೆ. ಉಳಿದವರು ಈ ಎರಡು ಮನೆಯವರೇ.

ಪರೀಕ್ಷಿಸುವ ತಾಳ್ಮೆ

ತಿಳಿಸಿದ ಮೇಲೆ ಬರುವುದು ಪರೀಕ್ಷೆ. ಯಾಜಕಕಾಂಡದ 14ನೆಯ ಅಧ್ಯಾಯದಲ್ಲಿ ಮನೆಯ ಗೋಡೆಗೆ ಬೂಷ್ಟು ಹಿಡಿದಾಗ ಏನು ಮಾಡಬೇಕೆಂಬ ವಿವರ ಇರುವುದು ಅನೇಕರಿಗೆ ಗೊತ್ತಿಲ್ಲ. ಅದನ್ನು ಓದಿದರೆ ಒಬ್ಬ ಅನುಭವಸ್ಥ ಮೇಸ್ತ್ರಿ ಮಾತನಾಡಿದಂತೆ ಇದೆ. ಮನೆಯ ಯಜಮಾನನೇ ಹೋಗಿ ತಿಳಿಸಬೇಕು. ಯಾಜಕ ನೋಡಲು ಬರುವ ಮೊದಲು ಸಾಮಾನನ್ನೆಲ್ಲ ಹೊರಗಿಡಬೇಕು. ಇಲ್ಲವಾದರೆ ಎಲ್ಲವೂ ಅಶುದ್ಧವೆಂದು ಎಣಿಕೆಯಾಗುತ್ತದೆ. ನೋಡಿದ ಕೂಡಲೇ ತೀರ್ಪು ಕೊಡದೆ ಏಳು ದಿನ ಮನೆಯನ್ನು ಮುಚ್ಚಿಟ್ಟು ಮತ್ತೆ ನೋಡಬೇಕು. ಹರಡಿದ್ದರೆ ಆ ಭಾಗದ ಕಲ್ಲುಗಳನ್ನಷ್ಟೇ ಕಿತ್ತು, ಗೋಡೆಯನ್ನು ಕೆರೆದು, ಬೇರೆ ಕಲ್ಲು ಇಟ್ಟು ಹೊಸದಾಗಿ ಗಾರೆ ಮಾಡಬೇಕು. ಅದೂ ಫಲಿಸದಿದ್ದರೆ ಮಾತ್ರ ಮನೆ ಕೆಡವಬೇಕು.

ಬಡವನ ಮಡಕೆ ಕುಡಿಕೆಗಳನ್ನು ಮೊದಲು ಉಳಿಸಿಕೊಳ್ಳಲು ಅವಕಾಶ ಕೊಟ್ಟ ಆ ಕಟ್ಟಳೆಯಲ್ಲಿ ಎಷ್ಟು ಕರುಣೆ ಇದೆ! ಏಳು ದಿನ ಕಾಯಿಸಿದ ಕಟ್ಟಳೆಯಲ್ಲಿ ಎಷ್ಟು ವಿವೇಕ ಇದೆ! ನಾವೂ ಹಾಗೆಯೇ ಮಾಡಬಹುದು. ದೀಪ, ಸ್ವಿಚ್ಚುಗಳ ಹತ್ತಿರ ನೀರು ಇಳಿಯುತ್ತಿದ್ದರೆ ಮೊದಲು ಆ ಕೋಣೆಯ ಕರೆಂಟ್ ತೆಗೆದು ಎಲೆಕ್ಟ್ರಿಷಿಯನ್ನನ್ನು ಕರೆಸಿ. ಸಾಮಾನನ್ನು ಸರಿಸಿ. ಮೇಲಿನ ಮನೆಯಲ್ಲಿ ಎಲ್ಲ ನಲ್ಲಿಗಳನ್ನೂ ಮುಚ್ಚಿ ಮೀಟರ್ ನೋಡಿ. ಆಗಲೂ ಅದು ತಿರುಗುತ್ತಿದ್ದರೆ ನೀರು ಬರುವ ಪೈಪಿನಲ್ಲೇ ದೋಷವಿದೆ. ಬಚ್ಚಲನ್ನು ಬಳಸಿದಾಗ ಮಾತ್ರ ತೇವ ಹೆಚ್ಚಾದರೆ ದೋಷ ನೆಲದಲ್ಲೋ ಹೊರಹೋಗುವ ಪೈಪಿನಲ್ಲೋ ಇದ್ದೀತು. ಜಾಲರಿಯನ್ನು ಮುಚ್ಚಿ, ಬಚ್ಚಲ ನೆಲದ ಮೇಲೆ ಒಂದು ದಿನ ನೀರು ನಿಲ್ಲಿಸಿ ನೋಡಿದರೆ ಅದು ಗೊತ್ತಾಗುತ್ತದೆ. ಈ ಪರೀಕ್ಷೆಯನ್ನು ಎರಡು ಮನೆಯವರೂ ಒಟ್ಟಿಗೆ ನಿಂತು ಮಾಡಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಕಾರಣ ಗೊತ್ತಾಗುವ ಮೊದಲೇ ಕೆಳಗಿನವರು ಬಣ್ಣ ಹೊಡೆಸುವುದು ಹುಣ್ಣಿನ ಮೇಲೆ ಪೌಡರ್ ಹಾಕಿದಂತೆ.

ತಡ ಮಾಡಿದರೆ ಏನಾಗುತ್ತದೆ ಎಂಬುದನ್ನೂ ತಿಳಿದಿರಬೇಕು. ಮೋಲ್ಡಿನೊಳಗಿನ ಕಬ್ಬಿಣದ ಕಂಬಿಗೆ ನೀರು ಮುಟ್ಟುತ್ತಲೇ ಇದ್ದರೆ ಅದು ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ. ಕಂಬಿ ಉಬ್ಬಿ, ಅದರ ಕೆಳಗಿನ ಕಾಂಕ್ರೀಟು ಚಕ್ಕೆಚಕ್ಕೆಯಾಗಿ ಬೀಳುತ್ತದೆ. ಆ ಮೋಲ್ಡು ಯಾರದು? ಕೆಳಗಿನವರು ಅದನ್ನು ಸೂರು ಎನ್ನುತ್ತಾರೆ, ಮೇಲಿನವರು ನೆಲ ಎನ್ನುತ್ತಾರೆ. ವಸ್ತು ಒಂದೇ. ಕೆಳಗಿನವರ ತಲೆಯ ಮೇಲೆ ಬೀಳುವುದು ಮೇಲಿನವರ ಕಾಲ ಕೆಳಗಿನ ಆಧಾರವೇ. ಜೊತೆಗೆ ಈ ಬರದ ಸೀಮೆಯಲ್ಲಿ ಸಾವಿರ ಅಡಿಗೂ ಆಳದ ಬೋರ್‌ವೆಲ್‌ನಿಂದ ಎತ್ತಿದ ನೀರು, ಟ್ಯಾಂಕರಿಗೆ ಹಣ ಕೊಟ್ಟು ತರಿಸಿದ ನೀರು, ಯಾರ ಬಾಯಾರಿಕೆಯನ್ನೂ ತಣಿಸದೆ ಗೋಡೆಯನ್ನು ಕೊಳೆಸುವುದು ಇಬ್ಬರಿಗೂ ನಷ್ಟವಲ್ಲವೇ?

ಯಾರ ಖರ್ಚಿನಲ್ಲಿ ಕ್ಷಮೆ?

ಈಗ ಕಷ್ಟದ ಪ್ರಶ್ನೆಗೆ ಬರೋಣ. ಸೋರಿಕೆ ಮೇಲಿನ ಬಚ್ಚಲಿನದೇ ಎಂದು ಖಚಿತವಾಯಿತು. ಟೈಲ್ಸ್ ಕಿತ್ತು ನೆಲವನ್ನೇ ಹೊಸದಾಗಿ ಮಾಡಿಸಬೇಕು. ಆ ವಿಧವೆ ತಾಯಿಯ ಕೈಯಲ್ಲಿ ಅಷ್ಟು ಹಣವಿಲ್ಲ. ಕೆಳಗಿನ ಮನೆಯ ಯಜಮಾನ ಒಳ್ಳೆಯ ಮನುಷ್ಯ. "ಹೋಗಲಿ ಬಿಡಿ ಅಮ್ಮಾ, ನಾವೇ ಸಹಿಸಿಕೊಳ್ತೀವಿ" ಎಂದು ಹೇಳಿ ಬರುತ್ತಾನೆ. ಇದು ಕ್ಷಮೆಯೇ?

ಸ್ವಲ್ಪ ನಿಂತು ನೋಡಿ. ಆ ಕೋಣೆಯಲ್ಲಿ ಮಲಗುವುದು ಅವನಲ್ಲ, ದಮ್ಮಿನ ಅಜ್ಜಿ. ಬೂಷ್ಟಿನ ಗಾಳಿ ದಮ್ಮಿನವರಿಗೆ ಕೇಡು. ಹಾಳಾದ ಸೀರೆ ಮಗಳದು. ಅವನು ಬಿಟ್ಟುಕೊಟ್ಟದ್ದು ಹೆಚ್ಚಾಗಿ ಬೇರೆಯವರದನ್ನು. ತನಗೆ ಆದ ನಷ್ಟವನ್ನು ಮನ್ನಿಸುವುದು ದೊಡ್ಡ ಗುಣ. ತನ್ನನ್ನು ನಂಬಿದವರ ನಷ್ಟವನ್ನು ಅವರನ್ನು ಕೇಳದೆ ಮನ್ನಿಸುವುದು ಆ ಗುಣಕ್ಕೆ ಸೇರಿದ್ದಲ್ಲ. ಎಷ್ಟೋ ಸಲ ನಾವು ಕ್ಷಮೆ ಎಂದು ಕರೆಯುವುದು ಬರಿಯ ಸಂಕೋಚ. ಬಾಗಿಲು ತಟ್ಟಲು ಮನಸ್ಸಿಲ್ಲ, ಮುಖ ಕೆಡಿಸಿಕೊಳ್ಳಲು ಇಷ್ಟವಿಲ್ಲ. ಅದಕ್ಕೊಂದು ಒಳ್ಳೆಯ ಹೆಸರು ಇಡುತ್ತೇವೆ. ಆಮೇಲೆ ಮೇಲಿನವರ ನಲ್ಲಿ ಸದ್ದಾದಾಗಲೆಲ್ಲ ಹಲ್ಲು ಕಡಿಯುತ್ತೇವೆ.

ಸೋರಿಕೆ ನಿಲ್ಲುವುದು ಕ್ಷಮೆಗೆ ಒಳಪಟ್ಟ ವಿಷಯವೇ ಅಲ್ಲ. ಅದು ನಿಲ್ಲಲೇಬೇಕು, ಅಜ್ಜಿಗಾಗಿ, ಕಟ್ಟಡಕ್ಕಾಗಿ, ನಾಳೆ ಆ ಮನೆಗೆ ಬರುವವರಿಗಾಗಿ. ಕ್ಷಮಿಸಬಹುದಾದದ್ದು ಆಗಿಹೋದ ನಷ್ಟದ ಬಾಕಿಯನ್ನು ಮಾತ್ರ. ಅದನ್ನೂ ಲೆಕ್ಕ ಹಾಕಿದ ಮೇಲೆ. ಗೋಡೆಗೆ ಇಷ್ಟು, ಸೀರೆಗೆ ಇಷ್ಟು ಎಂದು ಪ್ರಾಮಾಣಿಕವಾಗಿ ಬರೆದು, ಹಳೆಯ ಗೋಡೆಗೆ ಹೊಸ ಗೋಡೆಯ ಬೆಲೆ ಕಟ್ಟದೆ, ಇದ್ದದ್ದನ್ನು ಇದ್ದ ಹಾಗೆ ತೋರಿಸಬೇಕು. ಎರಡನೆಯ ಬುದ್ಧಿವಾದಿ ಹೇಳಿದಂತೆ ಸಿಕ್ಕಿದ್ದೇ ಅವಕಾಶವೆಂದು ಇಡೀ ಮನೆಯ ಬಣ್ಣವನ್ನು ಸೇರಿಸಿದರೆ ಅದು ಇನ್ನೊಂದು ಸೋರಿಕೆ. ಈ ಸಲ ಕೆಳಗಿನಿಂದ ಮೇಲಕ್ಕೆ. ಲೆಕ್ಕ ಮುಂದಿಟ್ಟ ಮೇಲೆ "ಇದರಲ್ಲಿ ಇಷ್ಟನ್ನು ನಾವು ಬಿಟ್ಟಿದ್ದೇವೆ" ಎಂದರೆ ಅದಕ್ಕೆ ತೂಕವಿದೆ. ಕೊಟ್ಟವರಿಗೂ ಪಡೆದವರಿಗೂ ಎಷ್ಟು ಎಂದು ಗೊತ್ತಿರುತ್ತದೆ.

ಮೇಲಿನವರಿಗೂ ಒಂದು ಮಾತು ಉಂಟು. ಕ್ಷಮೆಯನ್ನು ಬೇಡಬಹುದು, ಆದರೆ ಹಕ್ಕಿನಂತೆ ಕೇಳುವ ಹಾಗಿಲ್ಲ. "ಕ್ರೈಸ್ತರಾಗಿ ಇಷ್ಟೂ ಕ್ಷಮಿಸೋದಿಲ್ವಾ" ಎಂದು ಬಾಕಿದಾರನೇ ಕೇಳುವುದು ನ್ಯಾಯವಲ್ಲ. ಸಂತ ತೋಮಾಸ್ ಅಕ್ವಿನಾಸರು ಹಾನಿಯನ್ನು ತುಂಬಿಕೊಡುವುದನ್ನು ದಾನದ ಪಟ್ಟಿಯಲ್ಲಿ ಇಡಲಿಲ್ಲ, ನ್ಯಾಯದ ಪಟ್ಟಿಯಲ್ಲಿ ಇಟ್ಟರು. ಜಕ್ಕಾಯನು ಯೇಸುಸ್ವಾಮಿಯನ್ನು ಮನೆಗೆ ಬರಮಾಡಿಕೊಂಡಾಗ ಬರಿಯ ಕಣ್ಣೀರು ಹಾಕಲಿಲ್ಲ. ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟು ಹಿಂದಕ್ಕೆ ಕೊಡುವುದಾಗಿ ಹೇಳಿದ. ನಮ್ಮ ತಾಯಿ ಮೋಸ ಮಾಡಿದವರಲ್ಲ. ಅವರಿಗೆ ನಾಲ್ಕರಷ್ಟು ಬೇಡ. ಆದರೆ "ನೀರು ನನ್ನದು, ನಿಲ್ಲಿಸುತ್ತೇನೆ, ಸ್ವಲ್ಪ ಕಾಲಾವಕಾಶ ಕೊಡಿ" ಎಂಬ ಮಾತು ಬೇಕು.

ಆ ಮಾತು ಬಂದರೆ ದಾರಿಗಳು ತೆರೆಯುತ್ತವೆ. ಕೆಲಸ ಮುಗಿಯುವ ತನಕ ಅವರು ಆ ಬಚ್ಚಲನ್ನು ಬಳಸದಿರಬಹುದು. ಒಂದೇ ಬಚ್ಚಲಿದ್ದರೆ ಕೆಳಗಿನವರು "ನಮ್ಮ ಮನೆಗೇ ಸ್ನಾನಕ್ಕೆ ಬನ್ನಿ ಅಮ್ಮಾ" ಎನ್ನಬಹುದು. ಸಂಘದ ಹಣದಿಂದ ಮೊದಲು ದುರಸ್ತಿ ಮಾಡಿಸಿ ತಿಂಗಳು ತಿಂಗಳಿಗೆ ಕಂತಿನಲ್ಲಿ ತೀರಿಸಿಕೊಳ್ಳಬಹುದು. ಗೋಡೆಯ ಬಣ್ಣವನ್ನು ಕೆಳಗಿನವರು ಮದುವೆಯ ಸುಣ್ಣಬಣ್ಣದ ಜೊತೆಗೆ ಮಾಡಿಸಿಕೊಂಡು ಆ ಬಾಕಿಯನ್ನು ಬಿಟ್ಟುಬಿಡಬಹುದು. ಸೀರೆಯ ಮಾತು ಮಗಳಿಗೆ ಸೇರಿದ್ದು. ಅವಳು ಬಿಡುವುದಾದರೆ ಬಿಡಲಿ, ಯಾರೂ ಅವಳನ್ನು ಒತ್ತಾಯಿಸುವುದು ಬೇಡ. ಮಾಲೀಕರು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು ಮೇಲೆ ಬಾಡಿಗೆಯವರಿದ್ದರೆ ಮಾತು ಬೇರೆ. ಆಗ ದುರಸ್ತಿಯ ಖರ್ಚು ಬಾಡಿಗೆ ತಿನ್ನುವ ಮಾಲೀಕರದು. ಕೂಡಲೇ ಫೋನ್ ಮಾಡಿ ತಿಳಿಸುವುದು ಬಾಡಿಗೆಯವರ ಕರ್ತವ್ಯ. "ನಾನು ದೂರದಲ್ಲಿದ್ದೇನೆ" ಎಂಬುದು ಉತ್ತರವಲ್ಲ. ನೀರು ಮಾತ್ರ ಹತ್ತಿರದಲ್ಲೇ ಇದೆ.

ಇಷ್ಟೆಲ್ಲ ಲೆಕ್ಕಾಚಾರ ನೆಂಟತನ, ನೆರೆತನವನ್ನು ಕೆಡಿಸುವುದಿಲ್ಲವೇ ಎಂದು ನೀವು ಕೇಳಬಹುದು. ರಾತ್ರಿ ಹೊತ್ತು ಅಜ್ಜಿಗೆ ಉಸಿರು ಕಟ್ಟಿದರೆ ಮೊದಲು ಓಡಿಬರುವವರು ಮೇಲಿನ ಮನೆಯವರೇ, ಬೆಂಗಳೂರಿನ ಅಣ್ಣ ತಮ್ಮಂದಿರಲ್ಲ. ನಿಜ. ಆದ್ದರಿಂದಲೇ ನೆ‌ರೆತನವನ್ನು ಮೌನದ ಮೇಲೆ ನಿಲ್ಲಿಸಬಾರದು. ಹೇಳದೆ ಉಳಿಸಿಕೊಂಡ ಸ್ನೇಹ ಮುಂದಿನ ಮಳೆಗಾಲದ ತನಕ ಮಾತ್ರ ಬಾಳುತ್ತದೆ. ಒಂದು ಕಷ್ಟದ ಮಾತನ್ನು ಒಟ್ಟಿಗೆ ಆಡಿ ಮುಗಿಸಿದ ಮನೆಯವರ ನಡುವೆ ನಂಬಿಕೆ ಹೆಚ್ಚುತ್ತದೆ. ಮುಂದಿನ ಸಲ ಬಾಗಿಲು ತಟ್ಟಲು ಅವರಿಗೆ ಎರಡು ತಿಂಗಳು ಬೇಕಾಗುವುದಿಲ್ಲ.

ಕೊನೆಯದಾಗಿ, ಮಹಡಿಯ ಮನೆಯಲ್ಲಿರುವ ಓದುಗರಿಗೆ ಒಂದು ಕೆಲಸ. ಕೆಳಗಿನವರು ಬಂದು ಬಾಗಿಲು ತಟ್ಟಲಿ ಎಂದು ಕಾಯುವುದೇಕೆ? ಈ ವಾರ ಬಿಡುವಾದಾಗ ಬಚ್ಚಲ ಟೈಲ್ಸ್ ಸಂದುಗಳನ್ನು ಒಮ್ಮೆ ನೋಡಿ. ಆಮೇಲೆ ಒಂದು ಮಹಡಿ ಇಳಿದು ಹೋಗಿ ಕೇಳಿ: "ಅಕ್ಕಾ, ನಮ್ಮ ನೀರು ನಿಮ್ಮ ಮನೆಗೆ ಏನಾದರೂ ಇಳೀತಾ ಇದೆಯಾ?" ಇಲ್ಲ ಎಂದರೆ ಒಂದು ಲೋಟ ಕಾಫಿ ಕುಡಿದು ಬನ್ನಿ. ಹೌದು ಎಂದರೆ, ಅವರು ಸಂಕೋಚದಿಂದ ಎಷ್ಟು ದಿನ ಸುಮ್ಮನಿದ್ದರು ಎಂಬುದು ಅಂದೇ ನಿಮಗೆ ಗೊತ್ತಾಗುತ್ತದೆ.